ಸೇತುವೆಯ ಬಳಿಯ ಕಂಚಿನ ಮೂರ್ತಿ: ರೊಬೆರ್ಟೊ ಕ್ಲೆಮೆಂಟೆಯವರ ಜೀವನ

ದೊಡ್ಡ ಪಟ್ಟಣಗಳಲ್ಲಿ ಅನೇಕ ಪ್ರತಿಮೆಗಳನ್ನು ನಾವು ಕಾಣುತ್ತೇವೆ. ಕುದುರೆಯನ್ನೇರಿ ಕತ್ತಿ ಹಿರಿದ ವೀರರವು ಕೆಲವು. ಕೈಯಲ್ಲಿ ಗ್ರಂಥ ಹಿಡಿದ ಪಂಡಿತರವು ಕೆಲವು. ನಾಡಿಗಾಗಿ ಸೆರೆಮನೆಯನ್ನು ಕಂಡ ಮುಖಂಡರವು ಇನ್ನು ಕೆಲವು. ದಿನವೂ ಅವುಗಳ ಮುಂದೆ ಹಾದು ಶಾಲೆಗೆ ಬರುವ ನಮಗೆ ಅವು ಯಾರ ಪ್ರತಿಮೆಗಳು, ಏತಕ್ಕಾಗಿ ನಿಂತಿವೆ ಎಂದು ವಿಚಾರಿಸುವ ವ್ಯವಧಾನವಿರುವುದಿಲ್ಲ. ಆದರೆ ವಿದ್ಯಾರ್ಥಿಮಿತ್ರರೇ, ಕಲ್ಲಿನದಾಗಲಿ ಕಂಚಿನದಾಗಲಿ, ಪ್ರತಿಯೊಂದು ಮೂರ್ತಿಯ ಹಿಂದೆಯೂ ಒಂದು ಬಾಳಿನ ಕಥೆಯಿದೆ. ಇಂದು ನಾನು ನಿಮಗೆ ಹೇಳಹೊರಟಿರುವುದು ದೂರದ ಅಮೆರಿಕದ ಒಂದು ಊರಿನಲ್ಲಿ ನಿಂತಿರುವ ಅಂಥದೊಂದು ಮೂರ್ತಿಯ ಕಥೆ. ಅದು ರಾಜನದಲ್ಲ, ಸೇನಾಪತಿಯದಲ್ಲ, ಚೆಂಡಾಟದ ಆಟಗಾರನೊಬ್ಬನದು.

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಪಿಟ್ಸ್‌ಬರ್ಗ್ ಎಂಬ ನಗರವಿದೆ. ಉಕ್ಕಿನ ಕಾರಖಾನೆಗಳಿಗೆ ಅದು ಬಹುಕಾಲ ಪ್ರಸಿದ್ಧವಾಗಿದ್ದಿತು. ಅಲ್ಲಿಗೇನಿ, ಮೊನೊಂಗಾಹೀಲ ಎಂಬ ಎರಡು ನದಿಗಳು ಅಲ್ಲಿ ಕೂಡಿ ಓಹಾಯೊ ನದಿಯಾಗುತ್ತವೆ. ಅಲ್ಲಿಗೇನಿ ನದಿಗೆ ಅಡ್ಡಲಾಗಿ ಹಳದಿ ಬಣ್ಣದ ಒಂದು ಉಕ್ಕಿನ ತೂಗುಸೇತುವೆ ಇದೆ. ಅದನ್ನು ದಾಟಿ ಆಚೆಯ ದಡಕ್ಕೆ ಹೋದರೆ ದೊಡ್ಡದೊಂದು ಕ್ರೀಡಾಂಗಣ. ಅದರ ಹೊರಗಡೆಯಲ್ಲಿ ಆಳೆತ್ತರವನ್ನೂ ಮೀರಿದ ಒಂದು ಕಂಚಿನ ಮೂರ್ತಿ. ಚೆಂಡನ್ನು ಆಗತಾನೆ ಹೊಡೆದು, ದಾಂಡನ್ನು ಕೈಬಿಟ್ಟು, ಹಾರಿಹೋದ ಚೆಂಡಿನತ್ತ ದೃಷ್ಟಿಯಿಟ್ಟು ಓಡಲು ಮೊದಲ ಹೆಜ್ಜೆ ಹಾಕುತ್ತಿರುವ ತರುಣನ ಭಂಗಿ ಅದು. ಇವರೇ ರೊಬೆರ್ಟೊ ಕ್ಲೆಮೆಂಟೆ. ಆ ಸೇತುವೆಗೂ ಅವರದೇ ಹೆಸರು.

ಈ ಮಹನೀಯರು ಹುಟ್ಟಿದ್ದು ಪಿಟ್ಸ್‌ಬರ್ಗಿನಲ್ಲಲ್ಲ. ಅವರ ಮಾತೃಭಾಷೆ ಇಂಗ್ಲಿಷೂ ಅಲ್ಲ. ಕೆರಿಬಿಯನ್ ಸಮುದ್ರದಲ್ಲಿ ಪೋರ್ಟೊ ರಿಕೊ ಎಂಬ ಒಂದು ಚಿಕ್ಕ ದ್ವೀಪವಿದೆ. ನಾಲ್ಕು ಶತಮಾನಗಳ ಕಾಲ ಸ್ಪೇನಿನ ಅಧೀನದಲ್ಲಿದ್ದ ಆ ದ್ವೀಪವು ೧೮೯೮ರಲ್ಲಿ ಅಮೆರಿಕದ ವಶವಾಯಿತು. ೧೯೧೭ರಲ್ಲಿ ಅಲ್ಲಿಯ ಜನರಿಗೆ ಅಮೆರಿಕದ ಪೌರತ್ವ ದೊರೆಯಿತು. ಆದರೆ ಅವರ ಮನೆಮಾತು ಮಾತ್ರ ಸ್ಪ್ಯಾನಿಷ್ ಆಗಿಯೇ ಉಳಿಯಿತು. ಆ ದ್ವೀಪದ ಕ್ಯಾರೊಲಿನ ಎಂಬ ಊರಿನಲ್ಲಿ ೧೯೩೪ನೆಯ ಇಸವಿ ಆಗಸ್ಟ್ ೧೮ರಂದು ರೊಬೆರ್ಟೊ ಜನಿಸಿದನು. ತಂದೆ ಮೆಲ್ಚೋರ್ ಕ್ಲೆಮೆಂಟೆ ಕಬ್ಬಿನ ತೋಟದಲ್ಲಿ ಮೇಸ್ತ್ರಿ. ತಾಯಿ ಲೂಯಿಸಾ ವಾಕರ್. ಮನೆಯಲ್ಲಿ ಏಳು ಮಂದಿ ಮಕ್ಕಳು. ಅವರಲ್ಲಿ ರೊಬೆರ್ಟೊವೇ ಕಿರಿಯನು.

ಮನೆಯಲ್ಲಿ ಬಡತನವಿದ್ದರೂ ಉಪವಾಸವಿರಲಿಲ್ಲ. ದುಡಿಯದೆ ಉಣ್ಣಬಾರದೆಂಬುದು ಆ ತಂದೆತಾಯಿಗಳು ಕಲಿಸಿದ ಮೊದಲ ಪಾಠ. ಬಾಲಕ ರೊಬೆರ್ಟೊ ಹಾಲಿನ ಪಾತ್ರೆಗಳನ್ನು ಹೊತ್ತು ಕಾಸಿಗೆ ಕಾಸು ಕೂಡಿಸಿ, ಕೆಲವು ವರ್ಷಗಳ ಮೇಲೆ ಹಳೆಯದೊಂದು ಸೈಕಲ್ಲನ್ನು ಕೊಂಡನೆಂದು ಅವನ ಊರಿನವರು ಹೇಳುತ್ತಾರೆ. ಹನಿಗೂಡಿದರೆ ಹಳ್ಳವೆಂಬ ನಮ್ಮ ಗಾದೆ ಆ ಹುಡುಗನಿಗೆ ತಿಳಿದಿರಲಿಲ್ಲ. ಅದರ ಅರ್ಥ ಮಾತ್ರ ಚೆನ್ನಾಗಿ ತಿಳಿದಿದ್ದಿತು.

ಆಟವೆಂದರೆ ಅವನಿಗೆ ಪ್ರಾಣ. ಕೊಳ್ಳಲು ಹಣವಿಲ್ಲದ್ದರಿಂದ ಮರದ ಕೊಂಬೆಯೇ ದಾಂಡು, ಚಿಂದಿಬಟ್ಟೆಯನ್ನು ಸುತ್ತಿ ಕಟ್ಟಿದ ಉಂಡೆಯೇ ಚೆಂಡು. ಕೈಯಲ್ಲಿ ರಬ್ಬರಿನ ಚೆಂಡೊಂದು ಸಿಕ್ಕಿದರೆ ಅದನ್ನು ಗೋಡೆಗೆ ಎಸೆದು ಹಿಡಿಯುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದನು. ಪ್ರೌಢಶಾಲೆಯಲ್ಲಿ ಭರ್ಜಿ ಎಸೆತದಲ್ಲಿಯೂ ಅವನು ಮುಂದು. ಮುಂದೆ ಮೈದಾನದ ಅಂಚಿನಿಂದ ಬಾಣದಂತೆ ಚೆಂಡನ್ನು ಎಸೆಯಬಲ್ಲ ತೋಳುಬಲ ಅವನಿಗೆ ಬಂದದ್ದು ಈ ಅಭ್ಯಾಸದಿಂದಲೇ ಎಂದು ಹಲವರ ಅಭಿಪ್ರಾಯ.

ಇಲ್ಲಿ ಬೇಸ್‌ಬಾಲ್ ಆಟದ ವಿಷಯವಾಗಿ ಎರಡು ಮಾತು ಹೇಳುವುದು ಅಗತ್ಯ. ನಮ್ಮ ಕ್ರಿಕೆಟ್ಟಿಗೆ ಅದು ದಾಯಾದಿಯೆನ್ನಬಹುದು. ಒಬ್ಬನು ಚೆಂಡನ್ನು ಎಸೆಯುತ್ತಾನೆ, ಇನ್ನೊಬ್ಬನು ದಾಂಡಿನಿಂದ ಹೊಡೆಯುತ್ತಾನೆ. ಆದರೆ ಇಲ್ಲಿ ದಾಂಡು ಉರುಟಾಗಿರುತ್ತದೆ; ಚೆಂಡು ನೆಲಕ್ಕೆ ತಾಗದೆ ನೇರವಾಗಿ ಬರುತ್ತದೆ. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಒಂದರಿಂದ ಇನ್ನೊಂದಕ್ಕೆ ೯೦ ಅಡಿ. ಚೆಂಡನ್ನು ಹೊಡೆದವನು ದಾಂಡನ್ನು ಅಲ್ಲಿಯೇ ಬಿಸುಟು ಮೊದಲನೆಯ ನೆಲೆಗೆ ಓಡಬೇಕು. ಎದುರಾಳಿಗಳು ಚೆಂಡನ್ನು ಅಲ್ಲಿಗೆ ತಲಪಿಸುವ ಮೊದಲು ಅವನು ಮುಟ್ಟಿದರೆ ಅದು ಸಫಲವಾದ ಹೊಡೆತ. ಹೀಗೆ ನಾಲ್ಕು ನೆಲೆಗಳನ್ನೂ ಸುತ್ತಿ ಬಂದರೆ ಒಂದು ಓಟ. ಹತ್ತು ಸಲ ದಾಂಡು ಹಿಡಿದು ಮೂರು ಸಲ ಸಫಲನಾದವನನ್ನು ಆ ಆಟದಲ್ಲಿ ಶ್ರೇಷ್ಠ ಆಟಗಾರನೆಂದು ಎಣಿಸುತ್ತಾರೆ. ಹತ್ತರಲ್ಲಿ ಏಳು ಸಲ ಸೋತವನೂ ಶ್ರೇಷ್ಠನಾಗಬಲ್ಲ ಆಟವಿದು ಎಂಬುದನ್ನು ಪರೀಕ್ಷೆಯ ಕಾಲದಲ್ಲಿ ಎದೆಗುಂದುವ ಹುಡುಗರು ನೆನಪಿನಲ್ಲಿಡತಕ್ಕದ್ದು.

ಬಹುಕಾಲ ಅಮೆರಿಕದ ದೊಡ್ಡ ತಂಡಗಳಲ್ಲಿ ಕರಿಯರಿಗೆ ಪ್ರವೇಶವೇ ಇರಲಿಲ್ಲ. ೧೯೪೭ರಲ್ಲಿ ಜಾಕಿ ರಾಬಿನ್ಸನ್ ಎಂಬ ಧೀರನು ಬ್ರೂಕ್ಲಿನ್ ತಂಡದಲ್ಲಿ ಆಡಿ ಆ ಬಾಗಿಲನ್ನು ತೆರೆದನು. ರೊಬೆರ್ಟೊ ಆಗ ಹನ್ನೆರಡು ವರ್ಷದ ಹುಡುಗ. ಅವನದೂ ಕಪ್ಪು ಮೈಬಣ್ಣವೇ. ಆ ಬಾಗಿಲು ತನಗೂ ತೆರೆದಿದೆಯೆಂಬ ಆಸೆ ಅವನಲ್ಲಿ ಚಿಗುರಿರಬೇಕು. ೧೯೫೨ರಲ್ಲಿ ಪೋರ್ಟೊ ರಿಕೊದ ಸಾಂತೂರ್ಸೆ ತಂಡವು ಅವನನ್ನು ಸೇರಿಸಿಕೊಂಡಿತು. ೧೯೫೪ರಲ್ಲಿ ಬ್ರೂಕ್ಲಿನ್ ತಂಡದವರೇ ೧೦,೦೦೦ ಡಾಲರುಗಳ ಮುಂಗಡ ಕೊಟ್ಟು ಅವನನ್ನು ಕರೆದರು. ಆದರೆ ಅವನನ್ನು ಕಳುಹಿಸಿದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿದ್ದ ಅವರ ಕಿರಿಯ ತಂಡಕ್ಕೆ. ಅಲ್ಲಿ ಆಡಲು ದೊರೆತ ಅವಕಾಶ ಬಹಳ ಕಡಮೆ. ಸುತ್ತಲೂ ಇಂಗ್ಲಿಷ್, ಫ್ರೆಂಚ್ ಭಾಷೆಗಳು. ಊರು ಹೊಸದು, ಮಾತು ಹೊಸದು; ಹತ್ತೊಂಬತ್ತು ವರ್ಷದ ತರುಣನು ಬೆಂಚಿನ ಮೇಲೆ ಕುಳಿತು ಇತರರ ಆಟವನ್ನು ನೋಡುತ್ತ ದಿನ ನೂಕಬೇಕಾಯಿತು.

ಆ ಕಾಲದ ನಿಯಮದಂತೆ, ಹೀಗೆ ಕಿರಿಯ ತಂಡದಲ್ಲಿ ಇರಿಸಿದ ಕೆಲವು ಆಟಗಾರರನ್ನು ಬೇರೆ ತಂಡದವರು ಗೊತ್ತಾದ ಹಣ ಕೊಟ್ಟು ಆರಿಸಿಕೊಳ್ಳಬಹುದಾಗಿತ್ತು. ಎಲ್ಲರಿಗಿಂತ ಹಿಂದೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ. ಪಿಟ್ಸ್‌ಬರ್ಗಿನ ಪೈರೇಟ್ಸ್, ಅಂದರೆ ಕಡಲ್ಗಳ್ಳರು ಎಂಬ ಹೆಸರಿನ ತಂಡವು ಆಗ ವರ್ಷ ವರ್ಷವೂ ಕೊನೆಯ ಸ್ಥಾನದಲ್ಲಿರುತ್ತಿದ್ದಿತು. ೧೯೫೪ರ ನವೆಂಬರ್ ೨೨ರಂದು ಅವರು ೪,೦೦೦ ಡಾಲರು ಕೊಟ್ಟು ಕ್ಲೆಮೆಂಟೆಯವರನ್ನು ಆರಿಸಿಕೊಂಡರು. ಸೋತ ತಂಡದ ಪಾಲಿಗೆ ಬಂದ ಈ ಭಾಗ್ಯವು ಎಂಥದೆಂಬುದು ಆಗ ಯಾರಿಗೂ ತಿಳಿಯದು. ೧೯೫೫ರ ಏಪ್ರಿಲ್ ೧೭ರಂದು ಅವರು ಮೊದಲ ಬಾರಿ ಪಿಟ್ಸ್‌ಬರ್ಗಿನ ಪರವಾಗಿ ಆಡಿದರು. ಅಲ್ಲಿಂದ ಮುಂದೆ ೧೮ ವರ್ಷ, ಅಂದರೆ ತಮ್ಮ ಜೀವಮಾನದ ಕೊನೆಯವರೆಗೆ, ಬೇರೆ ತಂಡದ ಅಂಗಿಯನ್ನು ತೊಡಲಿಲ್ಲ. ಆ ಅಂಗಿಯ ಮೇಲಿನ ಸಂಖ್ಯೆ ೨೧. ರೊಬೆರ್ಟೊ ಕ್ಲೆಮೆಂಟೆ ವಾಕರ್ ಎಂಬ ಅವರ ಪೂರ್ಣ ಹೆಸರನ್ನು ಅವರ ಲಿಪಿಯಲ್ಲಿ ಬರೆದರೆ ೨೧ ಅಕ್ಷರಗಳಾಗುತ್ತವೆ; ಆದುದರಿಂದಲೇ ಅವರು ಆ ಸಂಖ್ಯೆಯನ್ನು ಆರಿಸಿಕೊಂಡರಂತೆ.

ಮೊದಲ ವರ್ಷಗಳು ಸುಖದವಾಗಿರಲಿಲ್ಲ. ೧೯೫೪ರ ಕೊನೆಯಲ್ಲಿ ಮೋಟಾರು ಅಪಘಾತವೊಂದರಲ್ಲಿ ಅವರ ಬೆನ್ನಿಗೆ ಪೆಟ್ಟಾಗಿದ್ದಿತು. ಆ ನೋವು ಕಡೆಯವರೆಗೂ ಬಿಡಲಿಲ್ಲ. ನೋವೆಂದು ಅವರು ಹೇಳಿದರೆ ಕೆಲವು ಪತ್ರಿಕೆಯವರು ಅದನ್ನು ಸೋಮಾರಿತನವೆಂದೂ ನಟನೆಯೆಂದೂ ಬರೆದರು. ಅವರ ಇಂಗ್ಲಿಷ್ ಉಚ್ಚಾರಣೆಯಲ್ಲಿ ಸ್ಪ್ಯಾನಿಷಿನ ಛಾಯೆಯಿದ್ದಿತು. ಆ ಮಾತುಗಳನ್ನು ತಪ್ಪುತಪ್ಪಾದ ಅಕ್ಷರಗಳಲ್ಲಿ ಹಾಗೆಯೇ ಅಚ್ಚುಮಾಡಿ ಓದುಗರನ್ನು ನಗಿಸುವುದು ಕೆಲವರಿಗೆ ವಾಡಿಕೆಯಾಯಿತು. ರೊಬೆರ್ಟೊ ಎಂಬ ಹೆಸರು ನಾಲಗೆಗೆ ತೊಡಕೆಂದು ಅದನ್ನು ಬಾಬ್ ಎಂದು ಮೊಟಕುಗೊಳಿಸಿದರು. ಮಕ್ಕಳು ಕೂಡಿಡುವ ಆಟಗಾರರ ಚಿತ್ರಚೀಟಿಗಳ ಮೇಲೂ ಹಾಗೆಯೇ ಅಚ್ಚಾಯಿತು. ತಮ್ಮ ಹೆಸರು ರೊಬೆರ್ಟೊ ಎಂದು ಅವರು ಸಮಾಧಾನದಿಂದ, ಆದರೆ ಬಿಡದೆ, ತಿದ್ದುತ್ತಲೇ ಇದ್ದರು.

ಹೆತ್ತವರು ಇಟ್ಟ ಹೆಸರನ್ನು ಪರರ ಅನುಕೂಲಕ್ಕಾಗಿ ಬಿಟ್ಟುಕೊಡದಿರುವುದು ಅಹಂಕಾರವಲ್ಲ. ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಹೊಸದರಲ್ಲಿ ನನ್ನ ಹೆಸರೂ ಹತ್ತು ಬಗೆಯಾಗಿ ಕೇಳಿಸುತ್ತಿದ್ದಿತು. ತಿದ್ದಲು ಸಂಕೋಚಪಟ್ಟು ಎಷ್ಟೋ ಸಲ ಸುಮ್ಮನಿದ್ದೆನು. ಕ್ಲೆಮೆಂಟೆಯವರ ಚರಿತ್ರೆಯನ್ನು ಓದಿದಾಗ ಆ ಸಂಕೋಚಕ್ಕಾಗಿ ನನಗೆ ನಾಚಿಕೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು ಮಾತು ಆಡಿ ಬೆಳೆಯುವ ನಿಮಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಇದಕ್ಕಿಂತಲೂ ಕಠಿನವಾದುದು ಬಣ್ಣದ ಭೇದ. ಪ್ರತಿ ವರ್ಷ ವಸಂತಕಾಲದಲ್ಲಿ ತಂಡವು ದಕ್ಷಿಣದ ಫ್ಲಾರಿಡಾ ಸಂಸ್ಥಾನಕ್ಕೆ ಅಭ್ಯಾಸಕ್ಕಾಗಿ ಹೋಗುತ್ತಿದ್ದಿತು. ಅಲ್ಲಿ ಬಿಳಿಯ ಆಟಗಾರರಿಗೆ ಹೋಟೆಲು; ಕರಿಯ ಆಟಗಾರರಿಗೆ ಊರಿನ ಬೇರೊಂದು ಕೇರಿಯಲ್ಲಿ ಯಾರದಾದರೂ ಮನೆ. ಪ್ರಯಾಣದ ನಡುವೆ ಬಸ್ಸು ಊಟಕ್ಕೆ ನಿಂತರೆ ಬಿಳಿಯರು ಒಳಗೆ ಹೋಗಿ ಉಣ್ಣುವರು. ಕರಿಯರು ಬಸ್ಸಿನಲ್ಲಿಯೇ ಕಾದಿರಬೇಕು. ಇತರರು ಕೈಯೆತ್ತಿ ತಂದುಕೊಟ್ಟ ಆಹಾರವನ್ನು ಹಾಗೆ ಕುಳಿತು ತಿನ್ನಲು ಕ್ಲೆಮೆಂಟೆಯವರ ಮನಸ್ಸು ಒಪ್ಪಲಿಲ್ಲ. ಅವರು ತಂಡದ ಅಧಿಕಾರಿಗಳೊಡನೆ ವಾದಿಸಿ ತಮಗೂ ತಮ್ಮಂಥ ಇತರರಿಗೂ ಬೇರೊಂದು ವಾಹನವನ್ನು ಪಡೆದುಕೊಂಡರು. ಅನ್ಯಾಯ ನಿಲ್ಲಲಿಲ್ಲ, ಆದರೆ ತಲೆಬಾಗಿಸಿ ಅದನ್ನು ನುಂಗುವ ದಿನವಂತೂ ಮುಗಿಯಿತು.

೧೯೬೦ರಲ್ಲಿ ಪಿಟ್ಸ್‌ಬರ್ಗಿನ ದೆಸೆ ತಿರುಗಿತು. ಕೊನೆಯ ಸ್ಥಾನದ ತಂಡವು ಮೊದಲನೆಯದಾಗಿ, ವರ್ಲ್ಡ್ ಸೀರೀಸ್ ಎಂಬ ಅಂತಿಮ ಸ್ಪರ್ಧೆಯಲ್ಲಿ ನ್ಯೂಯಾರ್ಕಿನ ಬಲಿಷ್ಠವಾದ ಯಾಂಕೀಸ್ ತಂಡವನ್ನು ಎದುರಿಸಿತು. ಏಳು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದವರೇ ವಿಜಯಿಗಳು. ಅಕ್ಟೋಬರ್ ೧೩ರಂದು ನಡೆದ ಏಳನೆಯ ಪಂದ್ಯದಲ್ಲಿ ಬಿಲ್ ಮಾಜೆರೊಸ್ಕಿ ಎಂಬ ಆಟಗಾರನು ಚೆಂಡನ್ನು ಗೋಡೆಯಾಚೆ ಹೊಡೆದು ತಂಡವನ್ನು ಗೆಲ್ಲಿಸಿದನು. ೧೯೨೫ರ ಅನಂತರ ಆ ಊರಿಗೆ ಬಂದ ಮೊದಲ ವಿಜಯವಿದು. ಏಳು ಪಂದ್ಯಗಳಲ್ಲಿಯೂ ಕ್ಲೆಮೆಂಟೆಯವರ ದಾಂಡು ಸಫಲವಾಗಿದ್ದಿತು. ಆದರೂ ಆ ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುವಾಗ ಪತ್ರಿಕೆಯವರು ಅವರಿಗೆ ಕೊಟ್ಟ ಸ್ಥಾನ ಎಂಟನೆಯದು. ಈ ಉಪೇಕ್ಷೆ ಅವರ ಮನಸ್ಸನ್ನು ಬಹಳವಾಗಿ ನೋಯಿಸಿತು. ಆ ನೋವಿಗೆ ಅವರು ಕೊಟ್ಟ ಉತ್ತರ ಮೈದಾನದಲ್ಲಿ. ೧೯೬೧, ೧೯೬೪, ೧೯೬೫, ೧೯೬೭, ಈ ನಾಲ್ಕು ವರ್ಷಗಳಲ್ಲಿ ತಮ್ಮ ಕೂಟದಲ್ಲಿ ದಾಂಡಿನ ಸರಾಸರಿಗೆ ಅವರೇ ಅಗ್ರಗಣ್ಯರಾದರು. ೧೯೬೧ರಿಂದ ೧೯೭೨ರವರೆಗೆ ಹನ್ನೆರಡು ವರ್ಷ ಒಂದೇ ಸಮನೆ ಕ್ಷೇತ್ರರಕ್ಷಣೆಗಾಗಿ ಚಿನ್ನದ ಕೈಗವಸಿನ ಪುರಸ್ಕಾರ ಅವರಿಗೇ ಸಂದಿತು. ೧೯೬೬ರಲ್ಲಿ ಶ್ರೇಷ್ಠ ಆಟಗಾರನೆಂಬ ಗೌರವವೂ ಹುಡುಕಿಕೊಂಡು ಬಂದಿತು.

೧೯೬೪ರ ನವೆಂಬರಿನಲ್ಲಿ ಅವರು ತಮ್ಮ ಹುಟ್ಟೂರಿನ ವೇರಾ ಸಬಾಲಾ ಎಂಬ ಕನ್ಯೆಯನ್ನು ವಿವಾಹವಾದರು. ಮೂವರು ಗಂಡುಮಕ್ಕಳಾದರು. ಎಷ್ಟು ಕೀರ್ತಿ ಬಂದರೂ ಆಟದ ಕಾಲ ಮುಗಿದೊಡನೆ ಅವರು ತಮ್ಮ ದ್ವೀಪಕ್ಕೆ ಮರಳುತ್ತಿದ್ದರು. ಆಟಕ್ಕೆಂದು ಹೋದ ಊರುಗಳಲ್ಲಿ ಆಸ್ಪತ್ರೆಗಳಿಗೆ ಹೋಗಿ ಕಾಯಿಲೆಯ ಮಕ್ಕಳನ್ನು ಕಂಡು ಬರುವುದು ಅವರ ಪದ್ಧತಿ. ಬಡ ಹುಡುಗರು ಆಟವನ್ನೂ ಸನ್ನಡತೆಯನ್ನೂ ಕಲಿಯುವ ಒಂದು ಕ್ರೀಡಾನಗರವನ್ನು ಪೋರ್ಟೊ ರಿಕೊದಲ್ಲಿ ಕಟ್ಟಬೇಕೆಂಬುದು ಅವರ ಬಹುದಿನದ ಕನಸು.

೧೯೬೮ರ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಕರಿಯರ ಹಕ್ಕುಗಳಿಗಾಗಿ ಅಹಿಂಸಾಮಾರ್ಗದಲ್ಲಿ ಹೋರಾಡಿದ ಆ ಮಹಾತ್ಮರನ್ನು ಕ್ಲೆಮೆಂಟೆಯವರು ಬಹುವಾಗಿ ಗೌರವಿಸುತ್ತಿದ್ದರು. ವರ್ಷದ ಮೊದಲ ಪಂದ್ಯವು ನಡೆಯಬೇಕಾಗಿದ್ದುದು ಏಪ್ರಿಲ್ ೮ರಂದು. ಕಿಂಗ್ ಅವರ ಅಂತ್ಯಕ್ರಿಯೆ ೯ರಂದು. ಅಂತ್ಯಕ್ರಿಯೆ ಮುಗಿಯುವ ಮೊದಲು ಆಡಲಾಗದೆಂದು ಪಿಟ್ಸ್‌ಬರ್ಗಿನ ಆಟಗಾರರು ಒಮ್ಮತದಿಂದ ತಿಳಿಸಿದರು. ಅವರಲ್ಲಿ ಕ್ಲೆಮೆಂಟೆಯವರು ಮುಂದಾಳುಗಳಲ್ಲೊಬ್ಬರು. ಕೊನೆಗೆ ಪಂದ್ಯವನ್ನು ೧೦ನೆಯ ತಾರೀಖಿಗೆ ಮುಂದೂಡಲಾಯಿತು.

೧೯೭೧ರಲ್ಲಿ ಪಿಟ್ಸ್‌ಬರ್ಗ್ ತಂಡವು ಮತ್ತೊಮ್ಮೆ ವರ್ಲ್ಡ್ ಸೀರೀಸ್ ತಲಪಿತು. ಎದುರಾಳಿ ಬಾಲ್ಟಿಮೋರ್ ತಂಡ. ಮೊದಲ ಎರಡು ಪಂದ್ಯಗಳಲ್ಲಿ ಸೋಲು. ಕ್ಲೆಮೆಂಟೆಯವರಿಗೆ ಆಗ ೩೭ ವರ್ಷ. ಅವರ ಕಾಲ ಮುಗಿಯಿತೆಂದು ಎಣಿಸಿದ್ದವರು ಅನೇಕರು. ಆದರೆ ಅವರು ಧೈರ್ಯಗೆಡಲಿಲ್ಲ, ಸಂಗಡಿಗರನ್ನೂ ಧೈರ್ಯಗೆಡಲು ಬಿಡಲಿಲ್ಲ. ಮುಂದಿನ ಮೂರು ಪಂದ್ಯಗಳು ಪಿಟ್ಸ್‌ಬರ್ಗಿನ ಪಾಲಾದವು, ಆರನೆಯದು ಬಾಲ್ಟಿಮೋರಿನದಾಯಿತು. ಅಕ್ಟೋಬರ್ ೧೭ರಂದು ಏಳನೆಯ ಪಂದ್ಯದಲ್ಲಿ ಕ್ಲೆಮೆಂಟೆಯವರು ಚೆಂಡನ್ನು ಗೋಡೆಯಾಚೆ ಕಳುಹಿಸಿದರು. ತಂಡವು ೨–೧ರಿಂದ ಗೆದ್ದಿತು. ಈ ಬಾರಿಯೂ ಏಳಕ್ಕೆ ಏಳು ಪಂದ್ಯಗಳಲ್ಲಿ ಅವರ ಹೊಡೆತ ಸಫಲ. ಸರಣಿಯ ಶ್ರೇಷ್ಠ ಆಟಗಾರರೂ ಅವರೇ.

ಪಂದ್ಯ ಮುಗಿದೊಡನೆ ದೂರದರ್ಶನದವರು ಅವರನ್ನು ಸುತ್ತುವರಿದರು. ಇಡೀ ಅಮೆರಿಕವೇ ನೋಡುತ್ತಿದ್ದ ಆ ಗಳಿಗೆಯಲ್ಲಿ ಕ್ಲೆಮೆಂಟೆಯವರು ಇಂಗ್ಲಿಷಿನಲ್ಲಿ ಉತ್ತರಿಸುವ ಮೊದಲು ಅನುಮತಿ ಕೇಳಿ ತಮ್ಮ ಮಾತೃಭಾಷೆಯಾದ ಸ್ಪ್ಯಾನಿಷಿನಲ್ಲಿ ಮಾತನಾಡಿದರು. ತಮ್ಮ ಬಾಳಿನ ಅತ್ಯಂತ ದೊಡ್ಡ ದಿನವದೆಂದು ತಿಳಿಸಿ ದ್ವೀಪದಲ್ಲಿದ್ದ ವೃದ್ಧ ತಂದೆತಾಯಿಗಳ ಆಶೀರ್ವಾದವನ್ನು ಬೇಡಿದರು. ಯಾವ ಮಾತನ್ನು ಒಂದು ಕಾಲದಲ್ಲಿ ಪತ್ರಿಕೆಗಳು ಅಣಕಿಸಿದ್ದವೋ ಆ ಮಾತಿನ ಮೂಲಭಾಷೆಯನ್ನು ಈಗ ರಾಷ್ಟ್ರವೆಲ್ಲ ನಿಶ್ಶಬ್ದವಾಗಿ ಆಲಿಸಿತು. ಪೋರ್ಟೊ ರಿಕೊದ ಜನ ಆ ಕ್ಷಣವನ್ನು ಗೆಲುವಿಗಿಂತಲೂ ಹೆಚ್ಚಾಗಿ ನೆನೆಯುತ್ತಾರೆ.

ಮರುವರ್ಷ ಸೆಪ್ಟೆಂಬರ್ ೩೦ರಂದು, ಪಿಟ್ಸ್‌ಬರ್ಗಿನ ಮೈದಾನದಲ್ಲಿ, ನ್ಯೂಯಾರ್ಕಿನ ಮೆಟ್ಸ್ ತಂಡದ ವಿರುದ್ಧ ಅವರು ತಮ್ಮ ೩,೦೦೦ನೆಯ ಸಫಲ ಹೊಡೆತವನ್ನು ಹೊಡೆದರು. ಅದುವರೆಗೆ ಆ ಸಂಖ್ಯೆಯನ್ನು ಮುಟ್ಟಿದವರು ಹತ್ತೇ ಮಂದಿ, ಇವರು ಹನ್ನೊಂದನೆಯವರು. ವರ್ಷದ ನಿಯತ ಪಂದ್ಯಗಳಲ್ಲಿ ಅದೇ ಅವರ ಕಡೆಯ ಹೊಡೆತವಾದೀತೆಂದು ಅಂದು ಚಪ್ಪಾಳೆ ತಟ್ಟಿದ ಯಾರೂ ಎಣಿಸಿರಲಿಲ್ಲ.

ಆ ವರ್ಷದ ಕೊನೆಯಲ್ಲಿ ಅವರು ಪೋರ್ಟೊ ರಿಕೊದ ಹವ್ಯಾಸಿ ತಂಡವನ್ನು ನಡೆಸಿಕೊಂಡು ಮಧ್ಯ ಅಮೆರಿಕದ ನಿಕರಾಗುವ ದೇಶಕ್ಕೆ ಹೋಗಿದ್ದರು. ರಾಜಧಾನಿ ಮನಾಗುವದಲ್ಲಿ ಕೆಲವು ವಾರಗಳಿದ್ದು ಅಲ್ಲಿಯ ಜನರ ಸ್ನೇಹ ಸಂಪಾದಿಸಿದರು. ಕಾಲುಗಳನ್ನು ಕಳೆದುಕೊಂಡ ಬಾಲಕನೊಬ್ಬನಿಗೆ ಕೃತಕ ಕಾಲುಗಳನ್ನು ಮಾಡಿಸಿಕೊಡುವ ಏರ್ಪಾಡು ಮಾಡಿ ಮನೆಗೆ ಮರಳಿದರು. ಬಳಿಕ ಸ್ವಲ್ಪ ದಿನಗಳಲ್ಲಿಯೇ, ಡಿಸೆಂಬರ್ ೨೩ರ ನಡುರಾತ್ರಿ ಕಳೆದ ಮೇಲೆ, ಭೀಕರ ಭೂಕಂಪವು ಮನಾಗುವವನ್ನು ನೆಲಸಮಮಾಡಿತು. ಸಾವಿರಾರು ಜನ ಮಡಿದರು. ಲಕ್ಷಾಂತರ ಜನ ಮನೆಮಠಗಳನ್ನು ಕಳೆದುಕೊಂಡರು.

ಕ್ಲೆಮೆಂಟೆಯವರಿಗೆ ಅದು ಪತ್ರಿಕೆಯಲ್ಲಿ ಓದಿ ಮರೆಯುವ ಸುದ್ದಿಯಾಗಿರಲಿಲ್ಲ. ಬಲ್ಲ ಬೀದಿಗಳು, ಬಲ್ಲ ಮುಖಗಳು. ಕ್ರಿಸ್ಮಸ್ ಹಬ್ಬವನ್ನು ಬದಿಗಿಟ್ಟು ಪರಿಹಾರಕಾರ್ಯಕ್ಕೆ ನಿಂತರು. ದೂರದರ್ಶನ, ರೇಡಿಯೊಗಳ ಮೂಲಕ ಜನರನ್ನು ಬೇಡಿದರು. ಸಾನ್ ಹುವಾನ್ ನಗರದ ಕ್ರೀಡಾಂಗಣದಲ್ಲಿ ಅನ್ನ, ಬಟ್ಟೆ, ಔಷಧಿಗಳ ರಾಶಿ ಬಿದ್ದಿತು. ತಾವೇ ಪೆಟ್ಟಿಗೆಗಳನ್ನು ಹೊತ್ತು ಸಾಗಿಸಿದರು. ಆದರೆ ವಿಮಾನದಲ್ಲಿ ಕಳುಹಿಸಿದ ಸಾಮಾನು ಸಂತ್ರಸ್ತರ ಕೈಸೇರದೆ ಅಲ್ಲಿಯ ಆಳರಸ ಸೊಮೊಸಾನ ಸೈನಿಕರ ಪಾಲಾಗುತ್ತಿದೆಯೆಂಬ ಸುದ್ದಿ ಬಂದಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು ಸ್ಥಿತಿ. ಜನರು ತಮ್ಮ ಹೆಸರನ್ನು ನಂಬಿ ಕೊಟ್ಟದ್ದು. ಅದು ತಲಪಬೇಕಾದವರಿಗೆ ತಲಪುವಂತೆ ನೋಡುವ ಹೊಣೆಯೂ ತಮ್ಮದೇ ಎಂದು ಭಾವಿಸಿ, ತಾವೇ ಜೊತೆಯಲ್ಲಿ ಹೋಗಲು ನಿಶ್ಚಯಿಸಿದರು.

೧೯೭೨ರ ಡಿಸೆಂಬರ್ ೩೧. ಹೊಸ ವರ್ಷದ ಹಿಂದಿನ ರಾತ್ರಿ. ಊರೆಲ್ಲ ಹಬ್ಬದ ಸಡಗರದಲ್ಲಿದ್ದಾಗ ಕ್ಲೆಮೆಂಟೆಯವರು ಬಾಡಿಗೆಯ ಹಳೆಯದೊಂದು ಸರಕಿನ ವಿಮಾನವನ್ನೇರಿದರು. ಅದರಲ್ಲಿದ್ದವರು ಒಟ್ಟು ಐದು ಜನ. ರಾತ್ರಿ ಒಂಬತ್ತು ಗಂಟೆಯ ಮೇಲೆ ನೆಲಬಿಟ್ಟ ವಿಮಾನವು ಸ್ವಲ್ಪ ಹೊತ್ತಿನಲ್ಲಿಯೇ ಇಂಜಿನು ಕೆಟ್ಟು, ತೀರಕ್ಕೆ ಹೆಚ್ಚು ದೂರವಲ್ಲದ ಕಡಲಿನಲ್ಲಿ ಬಿದ್ದು ಮುಳುಗಿತು. ಐವರಲ್ಲಿ ಒಬ್ಬರೂ ಬದುಕಲಿಲ್ಲ. ಕ್ಲೆಮೆಂಟೆಯವರಿಗೆ ಆಗ ೩೮ ವರ್ಷ. ಮಿತಿಗಿಂತ ಸುಮಾರು ಎರಡು ಟನ್ ಹೆಚ್ಚು ಭಾರವನ್ನು ಆ ವಿಮಾನದಲ್ಲಿ ಹೇರಲಾಗಿತ್ತೆಂದು ಮುಂದೆ ತನಿಖೆಯಿಂದ ತಿಳಿದುಬಂದಿತು.

ಮರುದಿನ ಬೆಳಗಾಗುವುದರೊಳಗೆ ಕಡಲತೀರದಲ್ಲಿ ಜನಸಾಗರವೇ ನೆರೆಯಿತು. ಸರಕಾರವು ಮೂರು ದಿನಗಳ ಶೋಕಾಚರಣೆಯನ್ನು ಸಾರಿತು. ಹೊಸ ರಾಜ್ಯಪಾಲರ ಅಧಿಕಾರಸ್ವೀಕಾರದ ಔತಣಗಳು ನಿಂತುಹೋದವು. ಅವರ ತಂಡದ ಮ್ಯಾನಿ ಸಾಂಗಿಯೆನ್ ಎಂಬ ಸ್ನೇಹಿತನು ಸ್ಮರಣಸಭೆಗೆ ಹೋಗದೆ, ಮುಳುಗುಗಾರರೊಡನೆ ತಾನೂ ಕಡಲಿಗಿಳಿದು ಗೆಳೆಯನನ್ನು ಹುಡುಕಿದನು. ದಿನಗಟ್ಟಲೆ ಹುಡುಕಿದರೂ ಕ್ಲೆಮೆಂಟೆಯವರ ದೇಹ ದೊರೆಯಲೇ ಇಲ್ಲ. ಹೂವಿಡಲು ಅವರಿಗೆ ಸಮಾಧಿಯಿಲ್ಲ. ಪ್ರತಿಮೆಯ ಬೆಲೆ ಇಲ್ಲಿ ನಮಗೆ ಅರ್ಥವಾಗಬೇಕು.

ಬೇಸ್‌ಬಾಲಿನಲ್ಲಿ ಮಹಾ ಆಟಗಾರರ ಹೆಸರುಗಳನ್ನು ಕೀರ್ತಿಮಂದಿರಕ್ಕೆ ಸೇರಿಸುವ ಪದ್ಧತಿಯಿದೆ. ಅದಕ್ಕಾಗಿ ಐದು ವರ್ಷ ಕಾಯಬೇಕೆಂಬುದು ನಿಯಮ. ಕ್ಲೆಮೆಂಟೆಯವರ ವಿಷಯದಲ್ಲಿ ಆ ನಿಯಮವನ್ನು ಬದಿಗೊತ್ತಿ, ೧೯೭೩ರ ಮಾರ್ಚಿಯಲ್ಲಿ ವಿಶೇಷ ಮತದಾನ ನಡೆಸಿ ಅವರನ್ನು ಆರಿಸಿದರು. ಸ್ಪ್ಯಾನಿಷ್ ಆಡುವ ದ್ವೀಪಗಳಿಂದ ಬಂದು ಅಲ್ಲಿ ಸ್ಥಾನ ಪಡೆದವರಲ್ಲಿ ಅವರೇ ಮೊದಲಿಗರು. ೨೧ ಎಂಬ ಸಂಖ್ಯೆಯನ್ನು ಪಿಟ್ಸ್‌ಬರ್ಗ್ ತಂಡದಲ್ಲಿ ಇನ್ನಾರೂ ತೊಡಬಾರದೆಂದು ಗೊತ್ತುಮಾಡಿದರು. ಆಟದೊಡನೆ ಸಮಾಜಸೇವೆಯನ್ನೂ ನಡೆಸುವ ಆಟಗಾರನೊಬ್ಬನಿಗೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿಗೆ ೧೯೭೩ರಲ್ಲಿ ಅವರ ಹೆಸರನ್ನಿಟ್ಟರು. ಅವರು ಕನಸು ಕಂಡ ಕ್ರೀಡಾನಗರವನ್ನು ಪತ್ನಿ ವೇರಾ ಅವರು ಮುಂದೆ ನಿಂತು ಕ್ಯಾರೊಲಿನದಲ್ಲಿ ಕಟ್ಟಿಸಿದರು. ಪತಿಯ ಸ್ಮರಣೆಯನ್ನು ಸೇವೆಯಾಗಿ ಮಾಡಿಕೊಂಡು ಬಾಳಿದ ಆ ಸಾಧ್ವಿ ೨೦೧೯ರಲ್ಲಿ ಕಾಲವಾದರು.

ಕಂಚಿನ ಮೂರ್ತಿ ನಿಂತದ್ದು ೧೯೯೪ರ ಜುಲೈಯಲ್ಲಿ. ಸೂಸನ್ ವ್ಯಾಗ್ನರ್ ಎಂಬ ಶಿಲ್ಪಿ ಅದನ್ನು ರೂಪಿಸಿದರು. ಪೀಠದ ಸುತ್ತ ಆಟದ ನೆಲೆಗಳ ಗುರುತುಗಳಿವೆ. ಅವುಗಳಲ್ಲಿ ಕ್ಲೆಮೆಂಟೆಯವರು ಆಡಿದ ನೆಲದ ಮಣ್ಣನ್ನು, ಪೋರ್ಟೊ ರಿಕೊದಿಂದಲೂ ಪಿಟ್ಸ್‌ಬರ್ಗಿನ ಎರಡು ಹಳೆಯ ಮೈದಾನಗಳಿಂದಲೂ ತಂದು ಇರಿಸಿದ್ದಾರೆ. ಹುಟ್ಟಿದ ನೆಲ, ದುಡಿದ ನೆಲ ಎರಡೂ ಒಂದೇ ಪೀಠದಲ್ಲಿ ಸೇರಿವೆ. ಮುಂದೆ ಊರಿಗೆ ಹೊಸ ಕ್ರೀಡಾಂಗಣವನ್ನು ಕಟ್ಟುವಾಗ ಅದಕ್ಕೆ ಅವರ ಹೆಸರಿಡಬೇಕೆಂದು ಜನರು ಬಯಸಿದರು. ಆದರೆ ಆ ಹೆಸರಿನ ಹಕ್ಕು ಹಣ ಕೊಟ್ಟ ಬ್ಯಾಂಕೊಂದಕ್ಕೆ ಹೋಯಿತು. ೧೯೯೮ರಲ್ಲಿ ಬಳಿಯಲ್ಲಿಯೇ ಇದ್ದ ಸೇತುವೆಗೆ, ೧೯೨೮ರಲ್ಲಿ ಕಟ್ಟಿದ ಆರನೆಯ ಬೀದಿಯ ಸೇತುವೆಗೆ, ಕ್ಲೆಮೆಂಟೆಯವರ ಹೆಸರನ್ನಿಟ್ಟರು. ೨೦೦೧ರಲ್ಲಿ ಹೊಸ ಕ್ರೀಡಾಂಗಣ ತೆರೆದಾಗ ಮೂರ್ತಿಯನ್ನು ಅಲ್ಲಿಗೆ ತಂದು ಸೇತುವೆಯ ಬಳಿ ನಿಲ್ಲಿಸಿದರು. ಕ್ಲೆಮೆಂಟೆಯವರು ಕಾಯುತ್ತಿದ್ದ ಬಲ ಮೈದಾನದ ಕಡೆಯ ಗೋಡೆಯನ್ನು ೨೧ ಅಡಿ ಎತ್ತರಕ್ಕೆ ಕಟ್ಟಿದ್ದಾರೆ.

ಕ್ರೀಡಾಂಗಣದ ಹೆಸರು ಕೈತಪ್ಪಿದ್ದು ನಷ್ಟವೇ ಎಂದು ನನಗೆ ಮೊದಲು ತೋರಿತು. ಯೋಚಿಸಿದಾಗ ಸೇತುವೆಯೇ ಅವರಿಗೆ ತಕ್ಕುದೆನ್ನಿಸುತ್ತದೆ. ಒಂದು ದಡದಲ್ಲಿ ಹುಟ್ಟಿ ಇನ್ನೊಂದು ದಡದಲ್ಲಿ ಬಾಳಿದವರು ಅವರು. ಎರಡನ್ನೂ ಬಿಡದೆ ಕೂಡಿಸಿದವರು. ಪಂದ್ಯದ ದಿನ ಆ ಸೇತುವೆಯ ಮೇಲೆ ವಾಹನಗಳನ್ನು ತಡೆಯುತ್ತಾರೆ. ತಾಯಿತಂದೆಗಳ ಕೈಹಿಡಿದು ಮಕ್ಕಳು ನಡೆದೇ ದಾಟುತ್ತಾರೆ. ಒಂದು ಕಾಲದಲ್ಲಿ ಬಾಬ್ ಎಂದು ಮೊಟಕಾಗಿ ಕರೆದ ಊರು ಈಗ ಅವರ ಪೂರ್ಣ ಹೆಸರನ್ನು ನದಿಯ ಮೇಲೆ ಬರೆದುಕೊಂಡಿದೆ.

ಈ ಜೀವನದಿಂದ ನಾವು ಕಲಿಯತಕ್ಕ ಪಾಠಗಳು ಹಲವು. ಬಡತನದಲ್ಲಿ ಹುಟ್ಟಿದರೂ ಪರಿಶ್ರಮದಿಂದ ಮೇಲೇರಬಹುದೆಂಬುದು ಒಂದು. ಹೋದ ಊರಿಗೆ ನಿಷ್ಠೆಯಿಂದ ದುಡಿಯುತ್ತಲೇ ಹುಟ್ಟಿದ ಮನೆಯ ಮಾತನ್ನು ಕಾಪಾಡಬಹುದೆಂಬುದು ಎರಡನೆಯದು. ಒಳ್ಳೆಯ ಕೆಲಸಕ್ಕೆ ಹೊರಟವರೂ ಎಚ್ಚರವನ್ನು ಬಿಡಬಾರದೆಂಬುದು ಮೂರನೆಯದು; ಭಾರ ಮೀರಿದ ಆ ವಿಮಾನವನ್ನು ಯಾರಾದರೊಬ್ಬರು ಅಂದು ತಡೆದಿದ್ದರೆ ಮನಾಗುವಕ್ಕೆ ಅನ್ನವೂ ಸೇರುತ್ತಿತ್ತು, ಐದು ಜೀವಗಳೂ ಉಳಿಯುತ್ತಿದ್ದವು. ಆದರೆ ಎಲ್ಲಕ್ಕಿಂತ ಮಿಗಿಲಾದುದು ಬೇರೊಂದಿದೆ. ಮೂರು ಸಾವಿರ ಹೊಡೆತಗಳನ್ನು ಹೊಡೆದವರು ಅವರಿಗೆ ಮೊದಲೂ ಇದ್ದರು, ಅನಂತರವೂ ಬಂದರು. ಹಬ್ಬದ ರಾತ್ರಿ ಮನೆಯನ್ನು ಬಿಟ್ಟು, ತನಗೆ ಏನೂ ಆಗಬೇಕಾಗಿಲ್ಲದ ಜನರಿಗಾಗಿ ಹೊರಟವರು ವಿರಳ.

ಮುಂದಿನ ಬಾರಿ ನಮ್ಮ ಊರಿನ ಯಾವುದಾದರೂ ಪ್ರತಿಮೆಯ ಮುಂದೆ ಹಾದುಹೋಗುವಾಗ ಒಂದು ನಿಮಿಷ ನಿಲ್ಲಿರಿ. ಅದು ಯಾರದು, ಏತಕ್ಕಾಗಿ ನಿಂತಿದೆ ಎಂದು ಹಿರಿಯರನ್ನು ಕೇಳಿರಿ. ಹಾಗೆ ಕೇಳುವ ಮಕ್ಕಳಿರುವವರೆಗೆ ಆ ಕಂಚು ಬರಿಯ ಲೋಹವಾಗದು.